ಹತ್ತಿ ಹೋಗಿ ಮೆಕ್ಕೆಜೋಳ ಬಂದ ದಾರಿ: ದಾವಣಗೆರೆಯ ಮಿಲ್‌ಗಳಿಗೆ ಬೀಗ ಬಿದ್ದದ್ದು ಹೇಗೆ?

ದಾವಣಗೆರೆಯ ಹಳಬರನ್ನು ಮಾತಿಗೆಳೆದು, ಮಿಲ್‌ಗಳೆಲ್ಲ ಯಾಕೆ ಮುಚ್ಚಿದವು ಅಂತ ಕೇಳಿ ನೋಡಿ. 'ಯೂನಿಯನ್ ಜಾಸ್ತಿ ಆತು, ಸ್ಟ್ರೈಕ್ ಜಾಸ್ತಿ ಆತು, ಮಾಲೀಕ್ರು ಬೀಗ ಹಾಕಿದ್ರು' ಎಂಬ ಉತ್ತರ ಸಿದ್ಧವಾಗಿರುತ್ತದೆ. ನಮ್ಮ ಸೋದರಮಾವನೂ ಹಾಗೇ ಹೇಳುತ್ತಿದ್ದ. ನೂಲುವ ಖಾತೆಯಲ್ಲಿ ದುಡಿದವನು. ರಾತ್ರಿ ಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೂ ಅರಳೆ ಕೂತಿರುತ್ತಿತ್ತು. ಅವನ ಮಾತು ಪೂರ್ತಿ ಸುಳ್ಳಲ್ಲ. ಆದರೆ ಬೀಗ ಬೀಳುವ ಎಷ್ಟೋ ವರ್ಷ ಮೊದಲೇ ಮಿಲ್ಲಿನ ಎರಡೂ ಬಾಗಿಲಲ್ಲಿ ಪರಿಸ್ಥಿತಿ ಬದಲಾಗಿತ್ತು. ಹತ್ತಿ ಒಳಬರುವ ಬಾಗಿಲು ಒಂದು, ಬಟ್ಟೆ ಹೊರಹೋಗುವ ಬಾಗಿಲು ಇನ್ನೊಂದು.

ಊರು ಬೆಳೆದದ್ದೇ ವ್ಯಾಪಾರದಿಂದ. ಹೈದರಾಲಿ ಇದನ್ನು ಅಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಿಯಾಗಿ ಕೊಟ್ಟ, ಆತ ವರ್ತಕರನ್ನು ಕರೆದು ನೆಲೆ ನಿಲ್ಲಿಸಿದ. ಮಂಡಿಪೇಟೆ ಎಂಬ ಹೆಸರು ಇವತ್ತಿಗೂ ಆ ಕಥೆ ಹೇಳುತ್ತದೆ. 1880ರ ದಶಕದಲ್ಲಿ ರೈಲು ಬಂತು. ಸುತ್ತ ಎರೆಭೂಮಿ, ಅದರಲ್ಲಿ ಹತ್ತಿ.

ಹತ್ತಿಗೆ ಒಂದು ಗುಣವಿದೆ. ಗಿಡದಿಂದ ಬಿಡಿಸಿದ ಮೂರು ಕ್ವಿಂಟಲ್ ಹತ್ತಿಯಿಂದ ಬೀಜ ತೆಗೆದರೆ ಉಳಿಯುವ ಅರಳೆ ಸುಮಾರು ಒಂದೇ ಕ್ವಿಂಟಲ್. ಮಿಕ್ಕಿದ್ದೆಲ್ಲ ಬೀಜ. ಆ ಬೀಜಕ್ಕೂ ಬಾಡಿಗೆ ಕೊಟ್ಟು ದೂರ ಸಾಗಿಸುವವರು ಯಾರು? ಅದಕ್ಕೇ ಬೀಜ ಬೇರ್ಪಡಿಸುವ ಜಿನ್ನಿಂಗ್ ಫ್ಯಾಕ್ಟರಿಗಳು ಹೊಲದ ಮಗ್ಗುಲಲ್ಲೇ ಎದ್ದವು. ಅರಳೆ ಇಲ್ಲೇ ಸಿಗುತ್ತದೆಂದ ಮೇಲೆ ಅದನ್ನು ಮುಂಬೈಗೆ ಕಳಿಸಿ ಬಟ್ಟೆಯಾಗಿ ವಾಪಸ್ ತರಿಸುವುದೇಕೆ ಎಂದು ವರ್ತಕರಿಗೆ ಅನ್ನಿಸಿದ್ದು ಸಹಜ. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ಶುರುವಾಯಿತು, ಆಮೇಲೆ ಒಂದರ ಹಿಂದೊಂದು ಮಿಲ್. ದಲ್ಲಾಲಿ ಗಳಿಸಿದ ದುಡ್ಡು ಯಂತ್ರವಾಯಿತು. ಎರಡನೇ ಮಹಾಯುದ್ಧದಲ್ಲಿ ಬಟ್ಟೆಗೆ ಎಂಥ ಬರ ಬಂತೆಂದರೆ, 1943ರಲ್ಲಿ ಸರ್ಕಾರ ಬಟ್ಟೆ ಮತ್ತು ನೂಲಿನ ದರಕ್ಕೇ ನಿಯಂತ್ರಣ ಹೇರಬೇಕಾಯಿತು. ನೇಯ್ದದ್ದೆಲ್ಲ ಬಿಕರಿಯಾಗುವ ಕಾಲ. 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಊರು ಬೀಗಿದ್ದು ಆ ಬಲದ ಮೇಲೆ.

ಮೊದಲ ಪೆಟ್ಟು ಬಂದದ್ದು ನೀರಿನ ರೂಪದಲ್ಲಿ. ಅದನ್ನು ಪೆಟ್ಟು ಎಂದರೆ ಭದ್ರಾ ನಾಲೆಯ ರೈತರು ನನ್ನನ್ನು ಸುಮ್ಮನೆ ಬಿಡಲಿಕ್ಕಿಲ್ಲ. 1960ರ ದಶಕದಲ್ಲಿ ಭದ್ರಾ ಅಣೆಕಟ್ಟು ಮುಗಿದು, ದಾವಣಗೆರೆ ಸುತ್ತಲ ಹೊಲಗಳು ಗದ್ದೆಗಳಾದವು. ಕಾಲುವೆಯಲ್ಲಿ ನೀರು ಹರಿಯುವಾಗ ಹುಳ ಬೀಳುವ, ಬಿಡಿಸಲು ಆಳು ಬೇಡುವ ಹತ್ತಿಯನ್ನು ನೆಚ್ಚಿ ಯಾರು ಕೂರುತ್ತಾರೆ? ಭತ್ತ ಮನೆಗೂ ಆಯಿತು, ಮಾರಾಟಕ್ಕೂ ಆಯಿತು. ರೈತನ ಲೆಕ್ಕ ಸರಿಯಾಗೇ ಇತ್ತು. ಆದರೆ ಕಾಲಬುಡದಲ್ಲಿ ಹತ್ತಿ ಇದೆ ಎಂದು ಕಟ್ಟಿದ ಮಿಲ್ಲಿಗೆ ಆ ಅನುಕೂಲ ವರ್ಷ ವರ್ಷಕ್ಕೂ ಸವೆಯಿತು.

ಇನ್ನೊಂದು ಬಾಗಿಲಲ್ಲಿ ಗಿರಾಕಿಯೇ ಬದಲಾದ. ಮದುವೆಗೆ ಪಾಲಿಯೆಸ್ಟರ್ ಅಂಗಿ ಹೊಲಿಸುವುದು ಅಂತಸ್ತಿನ ಗುರುತಾಯಿತು. ಅದು ಒಗೆದರೆ ಗಂಟೆಯೊಳಗೆ ಒಣಗುತ್ತದೆ, ಇಸ್ತ್ರಿ ಬೇಡ, ವರ್ಷಗಟ್ಟಲೆ ಹರಿಯುವುದೂ ಇಲ್ಲ. ನಮ್ಮ ಮಾವ ತೊಟ್ಟದ್ದೂ ಅದನ್ನೇ! ಹತ್ತಿ ನೂಲುವವನ ಮೈಮೇಲೆ ಹತ್ತಿ ಇರಲಿಲ್ಲ. ತಮಾಷೆ ಎಂದರೆ, ಹತ್ತಿಗೆ ಇನ್ನೊಬ್ಬ ಪ್ರತಿಸ್ಪರ್ಧಿಯಾದ ರೇಯಾನ್‌ಗೆ ಬೇಕಾದ ಮರದ ತಿರುಳು ತಯಾರಾಗಲು ಶುರುವಾದದ್ದು ಪಕ್ಕದ ಹರಿಹರದೆದುರು, ತುಂಗಭದ್ರೆಯ ಆಚೆ ದಡದಲ್ಲಿ, 1970ರ ದಶಕದಲ್ಲಿ.

ಮೂರನೆಯದು ದಿಲ್ಲಿಯ ನೀತಿ. ಕೈಮಗ್ಗ ಉಳಿಸಬೇಕೆಂದು 1950ರ ದಶಕದಲ್ಲೇ ಮಿಲ್‌ಗಳು ಹೊಸ ಮಗ್ಗ ಹೆಚ್ಚಿಸದಂತೆ ಕಡಿವಾಣ ಹಾಕಲಾಯಿತು. ಉದ್ದೇಶ ಒಳ್ಳೆಯದೇ, ಲಾಭವಾದದ್ದು ಮಾತ್ರ ಕರೆಂಟಿನಿಂದ ಓಡುವ ಸಣ್ಣ ಮಗ್ಗಗಳಿಗೆ, ಅಂದರೆ ಪವರ್‌ಲೂಮ್‌ಗೆ. ಚಿಕ್ಕ ಶೆಡ್ಡಿನಲ್ಲಿ ನಾಲ್ಕು ಮಗ್ಗ, ಪಿಎಫ್ ಇಲ್ಲ, ಬೋನಸ್ ಇಲ್ಲ, ತೆರಿಗೆಯೂ ಹಗುರ. ಅದೇ ಬಟ್ಟೆಯನ್ನು ಮಿಲ್ಲಿಗಿಂತ ಅಗ್ಗವಾಗಿ ಕೊಡುತ್ತಿದ್ದರು. ಮಿಲ್ಲಿನ ಯಂತ್ರಗಳೋ ಹಳೆಯವು. ಲಾಭ ಬಂದ ಕಾಲದಲ್ಲಿ ಅವನ್ನು ಬದಲಿಸದವರು ಮಾಲೀಕರೇ ತಾನೇ? ಕಾರ್ಮಿಕರನ್ನು ದೂರುವ ಮಾತಿನಲ್ಲಿ ಇದು ಬರುವುದೇ ಇಲ್ಲ.

ಈಗ ಯೂನಿಯನ್ ಮಾತು. ಮಿಲ್ ಕಾರ್ಮಿಕರ ನಾಯಕ ಪಂಪಾಪತಿಯವರನ್ನು ದಾವಣಗೆರೆ 1978, 1983, 1985ರಲ್ಲಿ ಕಮ್ಯುನಿಸ್ಟ್ ಪಕ್ಷವಾದ ಸಿಪಿಐನಿಂದ ವಿಧಾನಸಭೆಗೆ ಕಳಿಸಿತು. ಇದೇ ಹೊತ್ತಿಗೆ, 1982ರ ಜನವರಿಯಲ್ಲಿ, ಮುಂಬೈಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಿಲ್ ಕಾರ್ಮಿಕರು ಮುಷ್ಕರಕ್ಕಿಳಿದರು. ಅಲ್ಲಿಯ ಎಷ್ಟೋ ಮಿಲ್‌ಗಳು ಮತ್ತೆ ಏಳಲೇ ಇಲ್ಲ. ಬಟ್ಟೆಗೆ ಬೇಡಿಕೆ ಕುದುರಿದ್ದಾಗ ಇಂಥ ಜಗ್ಗಾಟ ಸಂಬಳ ಏರಿಕೆಯಲ್ಲಿ ಮುಗಿಯುತ್ತಿತ್ತು, ಬೇಡಿಕೆ ಕುಸಿದಿದ್ದಾಗ ಬೀಗದಲ್ಲಿ. ಹೀಗೆ ನಮ್ಮ ಮಿಲ್‌ಗಳ ಸೈರನ್‌ಗಳೂ ಒಂದೊಂದಾಗಿ ನಿಂತವು.

ಹತ್ತಿಯ ಜಾಗಕ್ಕೆ, ನೀರಾವರಿ ಇಲ್ಲದ ಹೊಲಗಳಲ್ಲಿ, ಮೆಕ್ಕೆಜೋಳ ಬಂತು. ಆಳು ಕಡಿಮೆ ಸಾಕು, ಬೆಳೆ ಬೇಗ ಕೈಗೆ ಬರುತ್ತದೆ. ತಮಿಳುನಾಡಿನ ನಾಮಕ್ಕಲ್‌ನಂಥ ಕೋಳಿ ಸಾಕಣೆಯ ಊರುಗಳ ಕೋಳಿ ಆಹಾರದವರು, ಸ್ಟಾರ್ಚ್ ಕಾರ್ಖಾನೆಯವರು ಕೊಳ್ಳುತ್ತಾರೆ. ಈಚೆಗೆ, ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್ ತಯಾರಿಸುವ ಘಟಕಗಳೂ ಸೇರಿವೆ. ಎಥೆನಾಲ್ ಆಸೆಗೆ ಬಿತ್ತನೆ ಹೆಚ್ಚಿತು. 2025ರ ಕೊಯ್ಲಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಎಂದು ಘೋಷಣೆಯಾಗಿದ್ದರೂ ಮಾರುಕಟ್ಟೆಯಲ್ಲಿ ದರ 2,000ದ ಕೆಳಗಿಳಿಯಿತು. ಜೂನ್‌ನಲ್ಲಿ ಬಿತ್ತಿದವನು ನವೆಂಬರ್‌ನಲ್ಲಿ ದರ ಬಿತ್ತೆಂದು ಪೂರೈಕೆ ಕಡಿಮೆ ಮಾಡಲಾರ. ಕಾಳು ಆಗಲೇ ರಸ್ತೆ ಮೇಲೆ ಒಣಗುತ್ತಿರುತ್ತದೆ. ಗೋದಾಮಿಲ್ಲ, ಸಾಲದ ಗಡುವು ಹತ್ತಿರ. ಹೀಗಾಗಿ ಎಲ್ಲರೂ ಒಂದೇ ವಾರ ಟ್ರ್ಯಾಕ್ಟರ್ ತುಂಬುತ್ತಾರೆ.

ಎಪಿಎಂಸಿ ಯಾರ್ಡ್‌ನಲ್ಲಿ ಖರೀದಿದಾರ ಮೊದಲು ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸುತ್ತಾನೆ, ಒಳಗಿನ ಕಾಳು ಬೆಚ್ಚಗಿದೆಯೋ ಎಂದು ನೋಡಲು. ಹಲ್ಲಲ್ಲಿ ಒಂದು ಕಾಳು ಕಡಿಯುತ್ತಾನೆ. ಒಂದು ಹಿಡಿಯನ್ನು ತೇವಾಂಶ ಅಳೆಯುವ ಯಂತ್ರಕ್ಕೆ ಸುರಿಯುತ್ತಾನೆ. ಶೇಕಡಾ 14ಕ್ಕಿಂತ ಮೇಲೆ ತೋರಿಸಿದರೆ ದರ ಇಳಿಯುತ್ತದೆ. ರೈತ ಆ ಅಂಕಿಯನ್ನೇ ದಿಟ್ಟಿಸುತ್ತ ನಿಂತಿರುತ್ತಾನೆ. ಖರೀದಿದಾರ ದರ ಹೇಳುವುದಿಲ್ಲ, ಕಿವಿಗೆ ಫೋನ್ ಹಿಡಿಯುತ್ತಾನೆ: 'ಅಣ್ಣಾ, ನಾಮಕ್ಕಲ್‌ನಾಗೆ ಇವತ್ತು ಎಷ್ಟೈತಿ?'