ಕಾರು ನನ್ನದು, ಸಿಗರೇಟೂ ನನ್ನದು: ಕಂಪನಿ ತಡೆಯಬಹುದೇ?

ಓದುಗರ ಪ್ರಶ್ನೆ: ಮುಂದಿನ ತಿಂಗಳಿನಿಂದ ಆವರಣದೊಳಗೆ ಎಲ್ಲಿಯೂ ಸಿಗರೇಟ್ ಸೇದುವಂತಿಲ್ಲ ಎಂದು ನಮ್ಮ ಕಂಪನಿ ಸುತ್ತೋಲೆ ಹೊರಡಿಸಿದೆ. ಕಟ್ಟಡದ ಒಳಗೆ ಬೇಡ ಎಂದರೆ ಒಪ್ಪಿಕೊಳ್ಳುತ್ತೇನೆ. ಆದರೆ ಬಯಲಿನಲ್ಲಿರುವ ಪಾರ್ಕಿಂಗ್ ಜಾಗದಲ್ಲಿ, ಅದೂ ನನ್ನ ಸ್ವಂತ ಕಾರಿನೊಳಗೆ ಕುಳಿತು ಸೇದುವುದನ್ನೂ ತಡೆಯುವ ಅಧಿಕಾರ ಅವರಿಗಿದೆಯೇ?

ಉತ್ತರ: ಇದೆ. ನಿಮಗೆ ಹಿಡಿಸುವ ಉತ್ತರವಲ್ಲ ಎಂದು ಗೊತ್ತು, ಆದರೆ ಸುತ್ತಿಬಳಸಿ ಹೇಳಿ ಪ್ರಯೋಜನವಿಲ್ಲ. ಕಾರು ನಿಮ್ಮದು, ಅದು ನಿಂತಿರುವ ನೆಲ ಕಂಪನಿಯದು. ಆ ನೆಲದ ಮೇಲೆ ಏನು ನಡೆಯಬಹುದು, ಏನು ನಡೆಯಬಾರದು ಎಂದು ನಿಯಮ ಮಾಡುವ ಅಧಿಕಾರ ಬಹುತೇಕ ಎಲ್ಲ ದೇಶಗಳಲ್ಲೂ ಮಾಲೀಕರಿಗಿದೆ. ಗಾಜು ಏರಿಸಿಕೊಂಡು ಕುಳಿತರೂ ಆವರಣ ಆವರಣವೇ.

ಕಟ್ಟಡದೊಳಗಿನ ಸಂಗತಿ ಬೇರೆ. ಹೆಚ್ಚಿನ ಕಡೆ ಅಲ್ಲಿ ಮಾಲೀಕರ ಇಷ್ಟಾನಿಷ್ಟಕ್ಕೆ ಜಾಗವೇ ಉಳಿದಿಲ್ಲ. 2004ರ ಮಾರ್ಚ್ 29ರಂದು ಐರ್ಲೆಂಡ್ ಬಾರುಗಳನ್ನೂ ಬಿಡದೆ ಮುಚ್ಚಿದ ಕೆಲಸದ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. ಇಂಗ್ಲೆಂಡಿನಲ್ಲಿ 2007ರ ಜುಲೈ 1ರಿಂದ, ಭಾರತದಲ್ಲಿ 2008ರ ಅಕ್ಟೋಬರ್ 2ರಿಂದ ಇಂಥ ನಿಯಮ ಜಾರಿಯಲ್ಲಿದೆ. 2005ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 8ನೆಯ ವಿಧಿಯೂ ಒಳಾಂಗಣದ ಕೆಲಸದ ಸ್ಥಳಗಳಲ್ಲಿ ಜನರನ್ನು ತಂಬಾಕಿನ ಹೊಗೆಯಿಂದ ಕಾಪಾಡುವ ಹೊಣೆಯನ್ನು ಅದನ್ನು ಅಂಗೀಕರಿಸಿ ಸೇರಿದ ಸರ್ಕಾರಗಳ ಮೇಲೆ ಹೊರಿಸಿದೆ. ಇಂಥ ಕಾನೂನಿರುವಲ್ಲಿ "ಪರವಾಗಿಲ್ಲ, ಸೇದಿ" ಎಂದು ಧಾರಾಳತನ ತೋರಿದ ಮ್ಯಾನೇಜರ್ ತಾನೇ ದಂಡ ತೆರಬೇಕಾದೀತು. ಅಮೆರಿಕದಲ್ಲಿ ಎಲ್ಲ ಖಾಸಗಿ ಕಂಪನಿಗಳಿಗೂ ಅನ್ವಯಿಸುವ ಒಂದೇ ರಾಷ್ಟ್ರೀಯ ಕಾನೂನಿಲ್ಲ, ರಾಜ್ಯಕ್ಕೊಂದು ಬಗೆ. ಕಾನೂನು ಸುಮ್ಮನಿರುವ ಕಡೆ ಕಂಪನಿಯ ನಿಯಮವೇ ನಡೆಯುತ್ತದೆ.

ಒಂದು ಕೋಣೆ ಬಿಟ್ಟುಕೊಟ್ಟು ಫ್ಯಾನ್ ಹಾಕಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಪ್ರತ್ಯೇಕ ಜಾಗ ಮಾಡಿದರೂ, ಗಾಳಿ ಶುದ್ಧೀಕರಿಸಿದರೂ ಸೇದದವರಿಗೆ ಹೊಗೆ ತಾಗುವುದು ಪೂರ್ತಿ ತಪ್ಪುವುದಿಲ್ಲ ಎಂದು ಅಮೆರಿಕದ ಸಾರ್ವಜನಿಕ ಆರೋಗ್ಯದ ಉನ್ನತ ಅಧಿಕಾರಿಯಾದ ಸರ್ಜನ್ ಜನರಲ್ 2006ರ ವರದಿಯಲ್ಲಿ ಹೇಳಿದ್ದಾರೆ.

ಅಂದ ಹಾಗೆ, ಕೆಲಸದ ಜಾಗದಲ್ಲಿ ಸಿಗರೇಟ್ ಬೇಡವೆನ್ನುವುದು ಆರೋಗ್ಯದ ಕಾಳಜಿ ಹುಟ್ಟಿದ ಮೇಲೆ ಬಂದ ಹೊಸ ಪದ್ಧತಿಯೇನಲ್ಲ. ಮೀಥೇನ್ ಅನಿಲ ಸೋರುವ ಕಲ್ಲಿದ್ದಲು ಗಣಿಗಳಲ್ಲಿ ಕೆಳಗಿಳಿಯುವ ಮೊದಲೇ ಕಾರ್ಮಿಕರ ಜೇಬು ತಡಕಿ ಬೆಂಕಿಪೊಟ್ಟಣ ತೆಗೆದಿಡಿಸುತ್ತಿದ್ದರು. ಸಿಡಿಮದ್ದಿನ ಕಾರ್ಖಾನೆಯಲ್ಲಿ, ಇಂಧನದ ಗೋದಾಮಿನಲ್ಲಿ ಈ ಬಗ್ಗೆ ಯಾರೂ ಹಕ್ಕಿನ ಮಾತೆತ್ತುವುದಿಲ್ಲ.

ಹಾಗಾದರೆ ಸೇದುವುದು ನೌಕರನ ಹಕ್ಕಲ್ಲವೇ? ಬ್ರಿಟನ್ನಿನ ಒಂದು ಪ್ರಕರಣ ಇದಕ್ಕೆ ನೇರವಾಗಿ ಉತ್ತರ ಕೊಡುತ್ತದೆ. ಗ್ಲಾಸ್ಗೋದ ಆಸ್ಪತ್ರೆಯೊಂದರ ಸಹಾಯಕ ದಾದಿಯೊಬ್ಬರಿಗೆ ದಿನಕ್ಕೆ ಸುಮಾರು 30 ಸಿಗರೇಟ್ ಬೇಕಿತ್ತು. ಮೊದಲು ಕೆಲವು ಗೊತ್ತಾದ ಜಾಗಗಳಲ್ಲಿ ಸೇದಲು ಬಿಡುತ್ತಿದ್ದ ಆಡಳಿತ ಮಂಡಳಿ, ನೌಕರರೊಡನೆ ಸಮಾಲೋಚಿಸಿ ಮುನ್ಸೂಚನೆಯನ್ನೂ ಕೊಟ್ಟು 1991ರಲ್ಲಿ ಪೂರ್ತಿ ನಿಷೇಧಿಸಿತು. ಆಕೆ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟು, ತನ್ನನ್ನು ಕೆಲಸ ಬಿಡುವಂತೆ ಮಾಡಲಾಯಿತು ಎಂದು ದೂರಿದರು. 1992ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ಸೇದಲು ಬಿಡುತ್ತೇವೆ ಎಂಬ ಷರತ್ತು ಉದ್ಯೋಗದ ಕರಾರಿನಲ್ಲಿ ತಾನಾಗಿ ಅಡಗಿರುವುದಿಲ್ಲ. ಎಲ್ಲರಿಗೂ ಅನ್ವಯಿಸುವ ನಿಯಮ ಒಬ್ಬರಿಗೆ ಹೆಚ್ಚು ಕಷ್ಟವಾಯಿತು ಎಂದಮಾತ್ರಕ್ಕೆ ಮಾಲೀಕರು ಕರಾರು ಮುರಿದಂತಾಗುವುದಿಲ್ಲ ಎಂದಿತು. ಚಟವನ್ನು ಅಂಗವೈಕಲ್ಯವೆಂದು ತೋರಿಸಿ ರಿಯಾಯಿತಿ ಕೇಳುವ ದಾರಿಯೂ ಅಲ್ಲಿ ಮುಚ್ಚಿದೆ: 2010ರ ನಿಯಮಗಳ ಪ್ರಕಾರ ನಿಕೋಟಿನ್ ಚಟವೊಂದೇ ಅಂಗವೈಕಲ್ಯ ಎನಿಸುವುದಿಲ್ಲ.

ಆ ತೀರ್ಪಿನಲ್ಲಿ ನನಗೆ ಮುಖ್ಯವೆನಿಸುವುದು ಸಮಾಲೋಚನೆಯ ಅಂಶ. ಮಾಲೀಕರು ಎಡವುವುದು ಅಲ್ಲಿಯೇ. ಇಂದು ನೋಟಿಸ್ ಅಂಟಿಸಿ ನಾಳೆ ಶಿಸ್ತು ಕ್ರಮಕ್ಕೆ ಇಳಿದರೆ ನಿಯಮ ಸರಿಯಿದ್ದರೂ ವಿಧಾನ ತಪ್ಪಾಗುತ್ತದೆ. ಅಮೆರಿಕದಲ್ಲಿ ಕಾರ್ಮಿಕ ಸಂಘವಿರುವ ಕಂಪನಿ ಇಂಥ ನಿಯಮ ತರುವ ಮೊದಲು ಸಂಘದೊಡನೆ ಮಾತುಕತೆ ನಡೆಸಬೇಕಾಗುತ್ತದೆ. ಕೆಳಗಿನವರಿಗೆ ನೋಟಿಸ್ ಕೊಟ್ಟು, ನಿರ್ದೇಶಕರ ಕೋಣೆಯ ಬಾಲ್ಕನಿಯಿಂದ ಬರುವ ಹೊಗೆಯನ್ನು ಕಾಣದಂತಿರುವ ಕಂಪನಿಯಂತೂ ವ್ಯಾಜ್ಯವನ್ನು ತಾನೇ ಕರೆದುಕೊಂಡಂತೆ.

ಆದರೆ ಮಾಲೀಕರ ಕೈ ಎಲ್ಲ ಕಡೆಗೂ ಚಾಚುವುದಿಲ್ಲ. ಕೆಲಸ ಮುಗಿಸಿ ಮನೆಗೆ ಹೋದ ಮೇಲೆ ನೀವು ಸೇದುತ್ತೀರೋ ಇಲ್ಲವೋ ಎಂಬುದಕ್ಕೆ ಆವರಣದ ನಿಯಮ ಅನ್ವಯಿಸದು. ಕೆಲಸದ ಹೊತ್ತಿನ ಆಚೆಗೆ ಸೇದುತ್ತಾನೆಂಬ ಕಾರಣಕ್ಕೆ ನೌಕರನನ್ನು ತೆಗೆಯಬಾರದೆಂದು ಅಮೆರಿಕದ ಹಲವು ರಾಜ್ಯಗಳು ಕಾನೂನನ್ನೇ ಮಾಡಿವೆ. ಗೇಟಿನ ಹೊರಗಿನ ರಸ್ತೆಯೂ ಕಂಪನಿಯದಲ್ಲ. ಆದರೆ ಅಲ್ಲಿಗೆ ಯಾವಾಗ ಹೋಗಬಹುದು ಎಂಬುದು ಬಿಡುವಿನ ಪ್ರಶ್ನೆ. ಸಿಗರೇಟಿಗೆಂದೇ ಪ್ರತ್ಯೇಕ ಬಿಡುವು ಕೊಡಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಎಲ್ಲೂ ಇಲ್ಲ. ಊಟದ ಬಿಡುವಿನಲ್ಲಿ ಹೊರಗೆ ಹೋಗಿ ಬರುವುದಾದರೆ ಅದು ಬೇರೆ ಮಾತು. ಇ-ಸಿಗರೇಟ್ ಹೊಗೆಯಲ್ಲವಲ್ಲ ಎಂಬ ವಾದವೂ ಹೆಚ್ಚು ದೂರ ಸಾಗದು. ಇಂಗ್ಲೆಂಡಿನ 2007ರ ನಿಷೇಧದಲ್ಲಿ ಅದು ಸೇರಿಲ್ಲ, ನಿಜ. ಆದರೂ ಕಂಪನಿ ತನ್ನ ನಿಯಮದಲ್ಲಿ ಅದನ್ನು ಸೇರಿಸಿಕೊಳ್ಳಬಹುದು. ಸ್ವಂತ ಕಾರಿಗಿಂತ ಕಂಪನಿಯ ವಾಹನದ ನಿಯಮ ಇನ್ನೂ ಬಿಗಿ. ಒಬ್ಬರಿಗಿಂತ ಹೆಚ್ಚು ನೌಕರರು ಬಳಸುವ ವಾಹನದಲ್ಲಿ ಒಬ್ಬರೇ ಇದ್ದಾಗಲೂ ಸೇದುವುದು ಇಂಗ್ಲೆಂಡಿನಲ್ಲಿ ಅಪರಾಧ.

ನೀವು ಸುತ್ತೋಲೆಗೆ ಉತ್ತರ ಬರೆಯುವುದಿದ್ದರೆ "ನನ್ನ ಹಕ್ಕು" ಎಂದು ಆರಂಭಿಸಬೇಡಿ. ಮೊದಲ ಸಾಲಿಗೇ ಸೋಲುತ್ತೀರಿ. ನೇಮಕಾತಿ ಪತ್ರ ಮತ್ತು ಸೇವಾ ನಿಯಮಗಳನ್ನು ಒಮ್ಮೆ ಓದಿ, ಧೂಮಪಾನದ ಬಗ್ಗೆ ಬರೆದ ಒಪ್ಪಂದವೇನಾದರೂ ಇದೆಯೇ ನೋಡಿ. ಆಮೇಲೆ ಕೇಳಬೇಕಾದ್ದು ಇಷ್ಟು: ಬಿಡುವಿನಲ್ಲಿ ಗೇಟು ದಾಟಿ ಹೋಗಬಹುದೇ, ನಿಯಮ ಮೇಲಧಿಕಾರಿಗಳಿಗೂ ಬಂದುಹೋಗುವವರಿಗೂ ಅನ್ವಯಿಸುತ್ತದೆಯೇ, ಬಿಡಬೇಕೆನ್ನುವವರಿಗೆ ಆಪ್ತಸಲಹೆಯನ್ನೋ ನಿಕೋಟಿನ್ ಗಮ್ಮಿನ ಖರ್ಚನ್ನೋ ಕಂಪನಿ ಕೊಡುತ್ತದೆಯೇ. ನಿಯಮ ಜಾರಿಗೆ ಬರುವ ಮೊದಲೇ ಬರವಣಿಗೆಯಲ್ಲಿ ಕೇಳಿ.