ತಲೆ ಕೆಟ್ಟು ದಿಢೀರನೆ ಗುಂಡು ಹಾರಿಸುವವನನ್ನು ಮೊದಲೇ ತಡೆಯಲಾದೀತೇ?

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಮಗಳ ಶಾಲೆಯಲ್ಲಿ ‘ಥ್ರೆಟ್ ಅಸೆಸ್‌ಮೆಂಟ್’ ತಂಡ, ಅಂದರೆ ಯಾರಿಂದಾದರೂ ದಾಳಿಯ ಅಪಾಯವಿದೆಯೇ ಎಂದು ಅಳೆದು ನೋಡುವ ತಂಡ ಇದೆಯಂತೆ. ಯಾರಿಗೋ ಇದ್ದಕ್ಕಿದ್ದಂತೆ ಹುಚ್ಚು ಕೆರಳಿದರೆ ಈ ತಂಡ ಏನು ಮಾಡೀತು?

ಉತ್ತರ: ಪ್ರತಿ ದಾಳಿಯ ಮಾರನೆಯ ದಿನ ಇದೇ ಪ್ರಶ್ನೆ ಬರುತ್ತದೆ. ಎಷ್ಟು ಸಲ ಹೇಳಿದರೂ ‘ಇದ್ದಕ್ಕಿದ್ದಂತೆ’ ಎಂಬ ಮಾತು ಹೋಗುತ್ತಿಲ್ಲ. ಅಮೆರಿಕದ ಅಧ್ಯಕ್ಷರಿಗೆ ಕಾವಲಿರುವ ಸೀಕ್ರೆಟ್ ಸರ್ವೀಸ್ ಮತ್ತು ಅಲ್ಲಿನ ಶಿಕ್ಷಣ ಇಲಾಖೆ ಸೇರಿ 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನು ಕೆದಕಿ ನೋಡಿ 2002ರಲ್ಲಿ ವರದಿ ಕೊಟ್ಟವು. ದಾಳಿಕೋರರು 41 ಮಂದಿ. ಬಹುತೇಕ ಎಲ್ಲರೂ ಮೊದಲೇ ಯೋಜನೆ ಹಾಕಿದ್ದರು. ಶೇ. 81ರಷ್ಟು ದಾಳಿಗಳಲ್ಲಿ ಕನಿಷ್ಠ ಒಬ್ಬರಿಗೆ ಸುಳಿವಿತ್ತು. ಆ ಒಬ್ಬರು ಸಾಮಾನ್ಯವಾಗಿ ಗೆಳೆಯ, ಸಹಪಾಠಿ ಅಥವಾ ಒಡಹುಟ್ಟಿದವರು. 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ ದಾಳಿ ಮಾಡಿದ ಇಬ್ಬರು ಹುಡುಗರು ವರ್ಷಕ್ಕೂ ಮಿಕ್ಕಿ ತಯಾರಿ ನಡೆಸಿದ್ದರು. ಅದನ್ನು ದಿಢೀರ್ ಎನ್ನುವುದು ಹೇಗೆ?

‘ಹುಚ್ಚು’ ಎಂಬ ಕಾರಣವೂ ನಿಲ್ಲುವುದಿಲ್ಲ. ಎಫ್‌ಬಿಐ 63 ಬಂದೂಕುಧಾರಿಗಳ ಪೂರ್ವಾಪರ ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಾಳಿಗೆ ಮುಂಚೆ ಮಾನಸಿಕ ಕಾಯಿಲೆ ಪತ್ತೆಯಾಗಿದ್ದದ್ದು ನಾಲ್ವರಲ್ಲಿ ಒಬ್ಬನಿಗೆ. ಇನ್ನು ‘ಒಂಟಿ ಹುಡುಗ, ಕಪ್ಪು ಕೋಟು, ಕಡಿಮೆ ಅಂಕ’ ಎಂಬ ಚಹರೆಪಟ್ಟಿ ಹಿಡಿದು ಹುಡುಕಬೇಡಿ. ಆ 41 ಮಂದಿಯಲ್ಲಿ ಚೆನ್ನಾಗಿ ಓದುವವರೂ ಇದ್ದರು.

ತಂಡ ನೋಡುವುದು ನಡವಳಿಕೆಯನ್ನು. ಶಾಲೆಯ ಆಡಳಿತಗಾರ, ಕೌನ್ಸೆಲರ್, ಪೊಲೀಸ್ ಅಧಿಕಾರಿ ಒಟ್ಟಿಗೆ ಕೂತು ವಿಚಾರಿಸುತ್ತಾರೆ: ಯಾರ ಮೇಲೆ ಸಿಟ್ಟು, ಎಷ್ಟು ದಿನದಿಂದ? ದಿನ, ಜಾಗ ಗೊತ್ತು ಮಾಡಿಕೊಂಡಿದ್ದಾನೆಯೇ? ಆಯುಧ ಹುಡುಕಿದ್ದಾನೆಯೇ? ಜಗಳದ ಬಿಸಿಯಲ್ಲಿ ‘ಕೊಂದುಬಿಡ್ತೀನಿ’ ಎಂದು, ಆಮೇಲೆ ಕ್ಷಮೆ ಕೇಳಿದವನ ವಿಷಯ ಅಲ್ಲೇ ಮುಗಿಯುತ್ತದೆ. ಬೆದರಿಕೆ ಹಾಕದೆ ತಯಾರಿ ನಡೆಸುವವನೇ ಹೆಚ್ಚು ಅಪಾಯಕಾರಿ. ಆ 41 ದಾಳಿಕೋರರಲ್ಲಿ ಹೆಚ್ಚಿನವರು ಗುರಿಯಾದವರಿಗೆ ನೇರ ಬೆದರಿಕೆ ಹಾಕಿರಲೇ ಇಲ್ಲ. ಮನೆಯ ಬಂದೂಕು ಎಲ್ಲಿದೆ, ಬೀಗದಕೈ ಯಾರ ಬಳಿ ಎಂದು ಪೋಷಕರನ್ನು ಕೇಳಿದರೆ ಅವಮಾನ ಎಂದುಕೊಳ್ಳಬೇಡಿ. ಆ ದಾಳಿಕೋರರ ಪೈಕಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿಗೆ ಬಂದೂಕು ಸಿಕ್ಕಿದ್ದು ಸ್ವಂತ ಮನೆಯಲ್ಲಿ, ಇಲ್ಲವೇ ನೆಂಟರ ಮನೆಯಲ್ಲಿ.

ಕೆಲಸ ಕೆಡುವುದು ಮಾಹಿತಿ ಚದುರಿದಾಗ. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಜನರನ್ನು ಕೊಂದ ವಿದ್ಯಾರ್ಥಿಯ ಬಗ್ಗೆ ಇಂಗ್ಲಿಷ್ ವಿಭಾಗ, ಹಾಸ್ಟೆಲ್ ಸಿಬ್ಬಂದಿ, ಕ್ಯಾಂಪಸ್ ಪೊಲೀಸರು ಎಲ್ಲರಿಗೂ ಒಂದಿಷ್ಟು ಗೊತ್ತಿತ್ತು. ಖಾಸಗಿತನದ ಕಾನೂನು ಅಡ್ಡ ಬರುತ್ತದೆಂಬ ತಪ್ಪು ತಿಳುವಳಿಕೆಯಿಂದ ಅದು ಒಂದೆಡೆ ಸೇರಲಿಲ್ಲ. ವಿದ್ಯಾರ್ಥಿ ದಾಖಲೆಗಳ ಫೆರ್ಪಾ ಕಾನೂನಿನಲ್ಲಿ ಜೀವಾಪಾಯದ ತುರ್ತಿಗೆ ವಿನಾಯಿತಿ ಇದೆ. ಶಿಕ್ಷಕಿ ಕಣ್ಣಾರೆ ಕಂಡದ್ದು ‘ದಾಖಲೆ’ಯೇ ಅಲ್ಲ, ಅದನ್ನು ಧಾರಾಳವಾಗಿ ಹೇಳಬಹುದು. ವರ್ಜೀನಿಯಾ ರಾಜ್ಯ 2008ರಲ್ಲಿ ಸರ್ಕಾರಿ ಕಾಲೇಜುಗಳಿಗೂ 2013ರಲ್ಲಿ ಶಾಲೆಗಳಿಗೂ ಇಂಥ ತಂಡ ಕಡ್ಡಾಯ ಮಾಡಿತು.

ನೀವು ಕೇಳಿಲ್ಲ, ಆದರೂ ಹೇಳಬೇಕು: ಅಪಾಯಕಾರಿ ಎನಿಸಿದವನನ್ನು ಶಾಲೆಯಿಂದ ಹೊರಹಾಕಿದರೆ ಪೀಡೆ ತೊಲಗುವುದಿಲ್ಲ. ಇದ್ದ ಸಿಟ್ಟಿಗೆ ಇನ್ನೊಂದು ಸೇರುತ್ತದೆ, ನೋಡಿಕೊಳ್ಳುವ ಕಣ್ಣುಗಳು ತಪ್ಪುತ್ತವೆ, ಹಗಲಿಡೀ ಮನೆಯಲ್ಲಿ ಒಬ್ಬನೇ ಇರುತ್ತಾನೆ. ಅಮಾನತು ಮಾಡಲೇಬೇಕಾದರೂ ಅವನನ್ನು ಆಗಾಗ ಮಾತನಾಡಿಸುವ ಹಿರಿಯರೊಬ್ಬರು ಯಾರು, ಕೌನ್ಸೆಲಿಂಗ್ ಎಲ್ಲಿ, ಮುಂದಿನ ಪರಿಶೀಲನೆ ಯಾವತ್ತು ಎಂಬುದನ್ನು ಅದೇ ದಿನ ಬರೆದಿಡಬೇಕು.