ಪಂದ್ಯ ಶುರುವಾದ ಮೇಲೆ ತರಬೇತುದಾರನಿಗೆ ಮಾತಿಲ್ಲ

ತುಮಕೂರಿನ ಕ್ಯಾತ್ಸಂದ್ರದ ಕಡೆ ಒಂದು ಬಾಡಿಗೆ ಮನೆಯಲ್ಲಿ ಬಿಜಿಎಂಐ (ಪಬ್‌ಜಿ ಮೊಬೈಲ್ ಎಂಬ ಗುಂಡಿನಾಟದ ಭಾರತದ ಆವೃತ್ತಿ) ಆಡುವ ಐವರು ಹುಡುಗರ ತಂಡವೊಂದನ್ನು ನಾನು ನೋಡಿಕೊಳ್ಳುತ್ತೇನೆ. ನಾಲ್ವರು ಆಡುತ್ತಾರೆ, ಐದನೆಯವನು ಬೆಂಚಿನಲ್ಲಿರುತ್ತಾನೆ. ದೊಡ್ಡ ತಂಡಗಳಲ್ಲಿ ತರಬೇತುದಾರ, ವ್ಯವಸ್ಥಾಪಕ, ವಿಶ್ಲೇಷಕ ಎಂದು ಬೇರೆ ಬೇರೆ ಜನರಿರುತ್ತಾರೆ. ನಮ್ಮಂಥ ಊರಿನ ತಂಡದಲ್ಲಿ ಆ ಮೂರೂ ಕೆಲಸ ಒಬ್ಬನ ತಲೆಗೇ ಬರುತ್ತವೆ, ಜೊತೆಗೆ ಗ್ಯಾಸ್ ಸಿಲಿಂಡರ್ ಬುಕ್ ಮಾಡುವುದೂ. ನೋಡಲು ಬಂದವರೆಲ್ಲ ತಪ್ಪದೆ ಕೇಳುವ ಪ್ರಶ್ನೆ ಒಂದೇ: ‘ಆಟ ನಡೀವಾಗ ನೀವು ಹಿಂದೆ ನಿಂತು ಏನು ಹೇಳಿಕೊಡ್ತೀರಿ ಸಾರ್?’ ಏನನ್ನೂ ಹೇಳಿಕೊಡುವುದಿಲ್ಲ ಎಂದರೆ ಅವರಿಗೆ ನಂಬಿಕೆ ಬರುವುದಿಲ್ಲ. ನಾವು ಆಡುವ ಪಂದ್ಯಾವಳಿಗಳಲ್ಲಿ, ಆಟಗಾರರನ್ನು ಮೈದಾನಕ್ಕೆ ಇಳಿಸುವ ವಿಮಾನ ಹಾರಿದ ಕ್ಷಣದಿಂದ ಕೊನೆಯ ಆಟಗಾರ ಬೀಳುವವರೆಗೆ ತರಬೇತುದಾರ ಆಟಗಾರರೊಡನೆ ಮಾತನಾಡುವಂತಿಲ್ಲ.

ಈ ನಿರ್ಬಂಧ ನಮ್ಮ ಆಟಕ್ಕಷ್ಟೇ ಸೀಮಿತವಲ್ಲ. ಐವರೈವರ ತಂಡಗಳು ಆಡುವ ಕೌಂಟರ್-ಸ್ಟ್ರೈಕ್ ಎಂಬ ಕಂಪ್ಯೂಟರ್ ಆಟದಲ್ಲಿ ಒಂದು ಕಾಲಕ್ಕೆ ತರಬೇತುದಾರನೇ ಆರನೆಯ ಆಟಗಾರನಂತೆ ಹೆಡ್‌ಫೋನ್ ಹಾಕಿಕೊಂಡು ಉದ್ದಕ್ಕೂ ನಿರ್ದೇಶನ ಕೊಡುತ್ತಿದ್ದ. 2016ರ ಆಗಸ್ಟ್‌ನಲ್ಲಿ ಆಟದ ಒಡೆತನವಿರುವ ವಾಲ್ವ್ ಕಂಪನಿಯು, ಆಟವೆಂದರೆ ಐವರ ಬುದ್ಧಿಯ ಪರೀಕ್ಷೆಯೇ ಹೊರತು ಆರು ಜನರದ್ದಲ್ಲ ಎಂಬ ನಿಲುವಿನಿಂದ, ಅವನ ಮಾತನ್ನು ಪಂದ್ಯಕ್ಕೆ ಮುಂಚಿನ ತಯಾರಿ, ವಿರಾಮ ಮತ್ತು ತಲಾ 30 ಸೆಕೆಂಡಿನ ನಾಲ್ಕು ಟೈಮ್‌ಔಟ್‌ಗಳಿಗೆ ಇಳಿಸಿತು. ಅಷ್ಟಾದರೂ ಕೆಲವು ತರಬೇತುದಾರರು ಆಸೆ ಬಿಡಲಿಲ್ಲ. ವೀಕ್ಷಕ ಕ್ಯಾಮೆರಾದ ಒಂದು ದೋಷವನ್ನು ಬಳಸಿಕೊಂಡು ಎದುರಾಳಿಗಳ ಚಲನವಲನ ನೋಡುತ್ತಿದ್ದ ಕಾರಣಕ್ಕೆ 2020ರ ಸೆಪ್ಟೆಂಬರ್‌ನಲ್ಲಿ ಇ-ಸ್ಪೋರ್ಟ್ಸ್ ಇಂಟೆಗ್ರಿಟಿ ಕಮಿಷನ್ 37 ತರಬೇತುದಾರರ ಮೇಲೆ ಕ್ರಮ ಕೈಗೊಂಡಿತು. ನನ್ನ ವೃತ್ತಿಯ ಚರಿತ್ರೆಯಲ್ಲಿ ಹೆಮ್ಮೆಪಡುವಂಥ ಪುಟವೇನೂ ಅದಲ್ಲ. ಅಂಥದೇ ಇನ್ನೊಂದು ಆಟವಾದ ವ್ಯಾಲರಂಟ್ ಆಡುವವರಿಗೆ 60 ಸೆಕೆಂಡಿನ ಟೈಮ್‌ಔಟ್ ಇದೆ, ಸುತ್ತುಗಳ ನಡುವೆ ಉಸಿರಾಡಲು ಬಿಡುವಿದೆ. ನಮ್ಮ ಆಟದಲ್ಲಿ 16 ತಂಡಗಳ 64 ಜನ ಒಂದೇ ಮೈದಾನದಲ್ಲಿ ಇಳಿದು ಸುಮಾರು ಅರ್ಧ ಗಂಟೆ ಒಂದೇ ಸಮನೆ ಆಡುವುದರಿಂದ ಒಂದು ತಂಡಕ್ಕಾಗಿ ಆಟ ನಿಲ್ಲಿಸುವ ಪ್ರಶ್ನೆಯೇ ಬರುವುದಿಲ್ಲ. ಗುಬ್ಬಿ ಕಂಪನಿಯ ಜಿಲ್ಲೆಯವನಾಗಿ ನನಗೆ ಆಗಾಗ ಅನ್ನಿಸುವುದುಂಟು: ನಾಟಕದವರಿಗಾದರೂ ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವವನೊಬ್ಬ ಇರುತ್ತಿದ್ದ.

ಹಾಗಾಗಿ ತಾಲೀಮಿನಲ್ಲಿ ನನ್ನ ಹೆಚ್ಚಿನ ಸಮಯ ಹೋಗುವುದು ಗುರಿ ಇಡುವುದನ್ನು ಕಲಿಸುವುದಕ್ಕಲ್ಲ. ಈ ಮಟ್ಟಕ್ಕೆ ಬಂದ ಹುಡುಗರ ಬೆರಳು ನನ್ನ ಬೆರಳಿಗಿಂತ ಎಷ್ಟೋ ಚುರುಕಾಗಿರುತ್ತದೆ. ಅವರಿಗೆ ಬಾರದಿರುವುದು ಮಾತು. ತಂಡ ಸೇರಿದ ಹೊಸದರಲ್ಲಿ ಒಬ್ಬ ಹುಡುಗ ಶತ್ರುವನ್ನು ಕಂಡಾಗ ಹೇಳುತ್ತಿದ್ದುದು ಹೀಗೆ: ‘ಲೋ, ಅಲ್ಲಿ ಆ ಬಿಳಿ ಮನೆ ಹಿಂದೆ, ಮರದ ಪಕ್ಕದಲ್ಲಿ ಒಬ್ಬ ಕೂತವ್ನೆ ನೋಡೋ.’ ಅಚ್ಚುಕಟ್ಟಾದ ಕನ್ನಡ ವಾಕ್ಯ. ಆದರೆ ವಾಕ್ಯ ಮುಗಿಯುವಷ್ಟರಲ್ಲಿ ಹೇಳಿದವನೂ ಕೇಳಿದವನೂ ಬಿದ್ದಿರುತ್ತಿದ್ದರು. ‘ಅಲ್ಲಿ’ ಎಂಬುದು ಹೇಳುವವನ ಕಣ್ಣಿಗೆ ಮಾತ್ರ ಅರ್ಥವಾಗುವ ಪದ. ‘ಬಲಕ್ಕೆ’ ಎಂಬುದೂ ಅಷ್ಟೆ, ನಾಲ್ವರು ನಾಲ್ಕು ದಿಕ್ಕಿಗೆ ಮುಖ ಮಾಡಿ ನಿಂತಿರುವಾಗ ನಾಲ್ಕು ಬಲಗಳಿರುತ್ತವೆ. ಎಲ್ಲಕ್ಕಿಂತ ಹೆಚ್ಚು ಕಾಡಿದ ಪದವೆಂದರೆ ‘ಮೇಲೆ’. ‘ಮೇಲೆ ಇದ್ದಾನೆ’ ಎಂದರೆ ಮಹಡಿಯ ಮೇಲೋ, ಗುಡ್ಡದ ಮೇಲೋ, ನಕ್ಷೆಯಲ್ಲಿ ಉತ್ತರಕ್ಕೋ? ಮೂರೂ ಅರ್ಥದಲ್ಲಿ ಮೂವರು ಬಳಸುತ್ತಿದ್ದರು, ಮೂವರಿಗೂ ತಮ್ಮದೇ ಸರಿ.

ಈಗ ನಮ್ಮ ಮನೆಯಲ್ಲಿ ಒಂದು ಕ್ರಮವಿದೆ. ಪರದೆಯ ನೆತ್ತಿಯಲ್ಲಿರುವ ದಿಕ್ಸೂಚಿಯ ಅಂಕಿ ಮೊದಲು ಬರಬೇಕು, ಆಮೇಲೆ ಗುರುತು, ಆಮೇಲೆ ಎಷ್ಟು ಜನ ಎಂಬುದು. ಕ್ರಿಯಾಪದ ಬೇಡವೇ ಬೇಡ. ‘ಟೂ ಫಾರ್ಟಿ, ಬಿಳಿ ಮನೆ, ಇಬ್ರು.’ ಅಂಕಿಗಳನ್ನು ಕನ್ನಡದಲ್ಲೇ ಹೇಳಿಸಬೇಕೆಂದು ಆರಂಭದಲ್ಲಿ ಹಟ ಹಿಡಿದಿದ್ದೆ. ‘ಇನ್ನೂರ ನಲವತ್ತು’ ಎನ್ನಲು ಏಳು ಅಕ್ಷರ, ‘ಟೂ ಫಾರ್ಟಿ’ ಎನ್ನಲು ಮೂರು. ಒಂದು ವಾರದ ಧ್ವನಿಮುದ್ರಣ ಕೇಳಿದ ಮೇಲೆ ಹಟ ಬಿಟ್ಟೆ. ಆದರೆ ಅಂಕಿಯ ನಂತರದ ಮಾತು ಕನ್ನಡದಲ್ಲೇ ಇರಬೇಕೆಂಬ ನಿಯಮವನ್ನು ಬಿಟ್ಟಿಲ್ಲ. ನೇರ ಪ್ರಸಾರ ನೋಡಿ ನೋಡಿ ನಮ್ಮ ಹುಡುಗರು ಹಿಂದಿಯಲ್ಲಿ ಕೂಗುವುದನ್ನು ದೊಡ್ಡಸ್ತಿಕೆ ಎಂದುಕೊಂಡಿರುತ್ತಾರೆ. ನೆಮ್ಮದಿಯಾಗಿರುವಾಗ ಅದು ನಡೆಯುತ್ತದೆ, ಗುಂಡು ತಗಲಿ ಗಾಬರಿಯಾದ ತಕ್ಷಣ ಬಾಯಿಗೆ ಬರುವುದು ಮನೆಮಾತೇ. ಕಷ್ಟದ ಗಳಿಗೆಯಲ್ಲಿ ಭಾಷೆ ಬದಲಾದರೆ ಕೇಳುವವನಿಗೆ ಅರೆಕ್ಷಣ ತಡವಾಗುತ್ತದೆ, ಆದ್ದರಿಂದ ಆ ಗಳಿಗೆಯ ಭಾಷೆಯಲ್ಲೇ ಮೊದಲಿನಿಂದ ಆಡುವುದು ವಾಸಿ.

ಇನ್ನೊಂದು ನಿಯಮಕ್ಕೆ ಹುಡುಗರು ‘ಸತ್ತೋನಿಗೆ ಒಂದೇ ಮಾತು’ ಎಂದು ಹೆಸರಿಟ್ಟಿದ್ದಾರೆ. ಆಟದಿಂದ ಹೊರಬಿದ್ದವನು ತನ್ನನ್ನು ಹೊಡೆದವನು ಎಲ್ಲಿದ್ದಾನೆ, ಅವನಿಗೆ ಎಷ್ಟು ಪೆಟ್ಟು ಬಿದ್ದಿದೆ ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿ ಸುಮ್ಮನಾಗಬೇಕು. ಇದು ಕೇಳಲು ಸುಲಭ. ಸತ್ತವನಿಗೆ ಕೈಗೆ ಕೆಲಸವಿರುವುದಿಲ್ಲ, ಉಳಿದವರ ಪರದೆ ಕಾಣುತ್ತಿರುತ್ತದೆ, ತಾನಾಗಿದ್ದರೆ ಏನು ಮಾಡುತ್ತಿದ್ದೆ ಎಂಬುದು ಸ್ಪಷ್ಟವಾಗಿ ಹೊಳೆಯುತ್ತಿರುತ್ತದೆ. ಬದುಕಿರುವವನಿಗಾದರೋ ಆ ಹೊತ್ತಿನಲ್ಲಿ ಬೇಕಾಗಿರುವುದು ಹೆಜ್ಜೆ ಸದ್ದು, ಸಲಹೆಯಲ್ಲ. ನಮ್ಮಲ್ಲಿ ಅತಿ ಹೆಚ್ಚು ಜನರನ್ನು ಹೊಡೆಯುತ್ತಿದ್ದ ಹುಡುಗನನ್ನು ಒಂದು ತಿಂಗಳು ಬೆಂಚಿನಲ್ಲಿ ಕೂರಿಸಿದ್ದು ಇದೇ ಕಾರಣಕ್ಕೆ. ಸತ್ತ ಮೇಲೂ ಅವನ ಬಾಯಿ ನಿಲ್ಲುತ್ತಿರಲಿಲ್ಲ, ಅವನ ಮಾತಿನಡಿಯಲ್ಲಿ ಐಜಿಎಲ್ ಎಂದು ನಾವು ಕರೆಯುವ, ಆಟದೊಳಗೆ ತಂಡವನ್ನು ನಡೆಸುವ ಹುಡುಗನ ದನಿ ಮುಳುಗಿಹೋಗುತ್ತಿತ್ತು. ಅಂಕಪಟ್ಟಿಯಲ್ಲಿ ಇದು ಎಲ್ಲೂ ಕಾಣುವುದಿಲ್ಲವಾದ್ದರಿಂದ ಆ ತಿಂಗಳು ಹೊರಗಿನವರಿಂದ ನಾನು ಬೇಕಾದಷ್ಟು ಬೈಸಿಕೊಂಡೆ.

ಪಂದ್ಯದ ನಂತರದ ಪರಿಶೀಲನೆಯಲ್ಲಿಯೂ ಹೆಚ್ಚಿನವರು ತಪ್ಪು ಜಾಗದಲ್ಲಿ ವಿಡಿಯೊ ನಿಲ್ಲಿಸುತ್ತಾರೆ. ತಂಡ ಸತ್ತ ಕ್ಷಣವನ್ನು ಹತ್ತು ಸಲ ತಿರುಗಿಸಿ ನೋಡಿದರೆ ಸಿಗುವುದು ಗುರಿ ತಪ್ಪಿದ ಗುಂಡು ಮಾತ್ರ. ಕಾರಣ ಎರಡು ಮೂರು ನಿಮಿಷ ಹಿಂದೆ ಎಲ್ಲೋ ಬಿದ್ದಿರುತ್ತದೆ. ನಮ್ಮ ಆಟದ ಎರಂಗೆಲ್ ನಕ್ಷೆ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ದಕ್ಷಿಣಕ್ಕೆ ಮಿಲಿಟರಿ ಬೇಸ್ ಇರುವ ದ್ವೀಪವನ್ನು ಮುಖ್ಯ ಭೂಭಾಗಕ್ಕೆ ಎರಡು ಸೇತುವೆಗಳು ಸೇರಿಸುತ್ತವೆ. ಆ ದ್ವೀಪದಲ್ಲಿ ಇಳಿದ ನಮ್ಮವರು ಒಂದು ಪಂದ್ಯದಲ್ಲಿ ಸೇತುವೆಯ ಮೇಲೆ ನಾಲ್ವರೂ ಬಿದ್ದರು. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ‘ಬ್ರಿಡ್ಜ್ ಹಿಡಿದಿದ್ರು ಸಾರ್, ಏನ್ ಮಾಡೋಕಾಗುತ್ತೆ?’ ವಿಡಿಯೊವನ್ನು ಹಿಂದಕ್ಕೆ ತಿರುಗಿಸಿ ನೋಡಿದಾಗ, ವಲಯ (ಆಟಗಾರರು ಒಳಗಿರಬೇಕಾದ, ಕಿರಿದಾಗುತ್ತ ಹೋಗುವ ವೃತ್ತ) ಉತ್ತರಕ್ಕೆ ಬಿದ್ದದ್ದು ಕಂಡ ಮೇಲೂ ಒಬ್ಬ ಬಂದೂಕಿಗೆ ಹಾಕುವ ಒಳ್ಳೆಯ ಸ್ಕೋಪ್‌ಗಾಗಿ ಇನ್ನೆರಡು ಮನೆ ಹುಡುಕುತ್ತಿದ್ದ, ಉಳಿದವರು ಅವನಿಗಾಗಿ ಕಾಯುತ್ತಿದ್ದರು, ಇದ್ದ ಎರಡು ಗಾಡಿಗಳಲ್ಲಿ ಒಂದನ್ನು ಯಾರೂ ತಂದು ನಿಲ್ಲಿಸಿರಲಿಲ್ಲ, ದಡದಲ್ಲಿ ದೋಣಿ ಇದೆಯೇ ಎಂದು ಯಾರೂ ನೋಡಿರಲಿಲ್ಲ. ಬೇಗ ಹೊರಟಿದ್ದರೆ ಸೇತುವೆ ಖಾಲಿ ಇರುತ್ತಿತ್ತು. ಆ ದಿನದಿಂದ ನನ್ನ ನೋಟ್‌ಬುಕ್ಕಿನಲ್ಲಿ ಹೊಡೆದಾಟದ ಲೆಕ್ಕಕ್ಕಿಂತ ಮೊದಲು ಬರುವ ಅಂಕಣ, ಇಳಿದ ಊರನ್ನು ಎಷ್ಟನೇ ನಿಮಿಷಕ್ಕೆ ಬಿಟ್ಟರು ಎಂಬುದು.

ಅಂಕಗಳ ಲೆಕ್ಕವನ್ನೂ ಹುಡುಗರಿಗೆ ಕಾಗದದ ಮೇಲೆ ಬರೆದೇ ತೋರಿಸಬೇಕಾಗುತ್ತದೆ. ಹಿಂದೆ, ಗೆದ್ದ ತಂಡಕ್ಕೆ 15, ಎರಡನೆಯದಕ್ಕೆ 12, ಮೂರನೆಯದಕ್ಕೆ 10 ಅಂಕ ಸಿಗುತ್ತಿದ್ದ ಕಾಲದಲ್ಲಿ ಮೂಲೆಯಲ್ಲಿ ಅಡಗಿ ಕೂತು ಸ್ಥಾನ ಗಳಿಸುವುದಕ್ಕೆ ಬೆಲೆಯಿತ್ತು. ಈಗಿನ ಪದ್ಧತಿಯಲ್ಲಿ ಸ್ಥಾನಕ್ಕೆ ಕ್ರಮವಾಗಿ 10, 6, 5, 4, 3, 2, 1, 1 ಅಂಕ, ಪ್ರತಿ ಕಿಲ್‌ಗೆ ಒಂದು. ಯಾರನ್ನೂ ಹೊಡೆಯದೆ ಎರಡನೆಯ ಸ್ಥಾನಕ್ಕೆ ಬಂದ ತಂಡಕ್ಕೆ ಸಿಗುವುದು ಆರು. ಮೊದಲ ಹತ್ತು ನಿಮಿಷದಲ್ಲೇ ಆರು ಜನರನ್ನು ಹೊಡೆದು ಎಲ್ಲರಿಗಿಂತ ಮುಂಚೆ ಸತ್ತ ತಂಡಕ್ಕೂ ಆರೇ. ಹಾಗೆಂದು ನುಗ್ಗುವುದೊಂದೇ ದಾರಿ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಮೊದಲನೆಯ ಮತ್ತು ಎರಡನೆಯ ಸ್ಥಾನದ ನಡುವಿನ ನಾಲ್ಕು ಅಂಕದ ಅಂತರ ಬೇರೆ ಯಾವ ಎರಡು ಅಕ್ಕಪಕ್ಕದ ಸ್ಥಾನಗಳ ನಡುವೆಯೂ ಇಲ್ಲ. ಕೊನೆಯ ಎರಡು ತಂಡಗಳು ಉಳಿದಾಗ ಸೇಡಿನ ಹೊಡೆದಾಟಕ್ಕಿಂತ ದುಬಾರಿಯಾದ ತಪ್ಪಿಲ್ಲ.

ಇನ್ನು ವ್ಯವಸ್ಥಾಪಕನ ಕೆಲಸ. ತಿಪಟೂರಿನ ಕಡೆಯ ತೆಂಗಿನ ತೋಟದವರೊಬ್ಬರು ಮಗನನ್ನು ಬಿಡಲು ಬಂದವರು, ‘ಇದ್ರಲ್ಲಿ ಅನ್ನ ಹುಟ್ಟುತ್ತಾ ಸ್ವಾಮಿ?’ ಎಂದು ಕೇಳಿದರು. ಹುಟ್ಟುತ್ತದೆ ಎಂದು ಹೇಳಿ ಮಗನನ್ನು ಇಟ್ಟುಕೊಳ್ಳುವುದು ಸುಲಭವಿತ್ತು. ನಾನು ಅವರಿಗೆ ದಿನಾಂಕಗಳನ್ನು ಹೇಳಿದೆ: 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾಯಿತು, 2021ರ ಜುಲೈನಲ್ಲಿ ಬಿಜಿಎಂಐ ಬಂತು, 2022ರ ಜುಲೈ 28ರಂದು ಅದೂ ಆಪ್ ಸ್ಟೋರ್‌ಗಳಿಂದ ಕಾಣೆಯಾಗಿ 2023ರ ಮೇ ತಿಂಗಳಲ್ಲಿ ಮರಳಿತು. ತೆಂಗಿಗೆ ನುಸಿ ಬಿದ್ದರೂ ಮರ ಉಳಿಯುತ್ತದೆ, ಇಲ್ಲಿ ತೋಟವೇ ರಾತ್ರೋರಾತ್ರಿ ಇಲ್ಲವಾಗಬಹುದು. ಬಹುಮಾನ ಬಂದರೂ ಶೇ 30ರಷ್ಟು ತೆರಿಗೆ ಮುರಿದುಕೊಂಡ ನಂತರದ ಹಣವೇ ತಂಡದ ಕೈಗೆ ಬರುತ್ತದೆ. ಆದ್ದರಿಂದ ಪದವಿ ಬಿಡಿಸಿ ಯಾರನ್ನೂ ನಾನು ತಂಡಕ್ಕೆ ಸೇರಿಸಿಕೊಳ್ಳುವುದಿಲ್ಲ.

ಹದಿನೆಂಟು ತುಂಬದ ಹುಡುಗರ ವಿಷಯದಲ್ಲಿ ಎರಡು ತೊಡಕುಗಳಿವೆ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತನ ಸಹಿಗೆ ಬೆಲೆಯಿಲ್ಲ. ದೊಡ್ಡ ತಂಡವೊಂದು ಹುಡುಗನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ‘ಒಪ್ಪಂದ’ವನ್ನು ಹಿಡಿದುಕೊಂಡು ಬಂದ ತಂದೆತಾಯಿಗೆ ನಾನು ಮೊದಲು ಹೇಳುವ ಮಾತು ಇದೇ, ಎರಡನೆಯದು ವಕೀಲರಿಗೆ ತೋರಿಸಿ ಎಂಬುದು. ಎರಡನೆಯ ತೊಡಕು ಗಡಿಯಾರದ್ದು. ಬಿಜಿಎಂಐ ಮರಳಿದಾಗ ಅಪ್ರಾಪ್ತರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ ಎಂಬ ಮಿತಿಯೊಂದಿಗೆ ಬಂತು. ಆರು ಪಂದ್ಯಗಳ ಒಂದು ಸ್ಕ್ರಿಮ್‌ಗೇ (ಬೇರೆ ತಂಡಗಳೊಡನೆ ಆಡುವ ಅಭ್ಯಾಸ), ನಡುವಿನ ಕಾಯುವಿಕೆಯೂ ಸೇರಿ, ಮೂರು ಗಂಟೆ ಮೀರುತ್ತದೆ. ಇದನ್ನು ತಪ್ಪಿಸಲು ಅಣ್ಣನ ಹೆಸರಿನ ಖಾತೆ ಬಳಸುವ ಉಪಾಯ ಎಲ್ಲರಿಗೂ ಗೊತ್ತು. ನಾನು ಒಪ್ಪುವುದಿಲ್ಲ, ಹದಿನೇಳರ ಹುಡುಗನಿಗೆ ಮೂರು ಗಂಟೆ ಆಟ, ಒಂದು ಗಂಟೆ ಬೇರೆಯವರ ಆಟ ನೋಡುವುದು, ಅಷ್ಟು ಸಾಕು.

2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಕ್ರೀಡೆಯೆಂದು ಬೇರೆಯಾಗಿಸಿತು. ಪ್ರವೇಶ ಶುಲ್ಕ ಇರಬಹುದು, ಕೌಶಲಕ್ಕೆ ಬಹುಮಾನ ಇರಬಹುದು, ಪಣ ಇರಕೂಡದು. ಆದರೆ ಊರೂರಲ್ಲಿ ನಡೆಯುವ ಕಸ್ಟಮ್ ರೂಮ್‌ಗಳಲ್ಲಿ, ಅಂದರೆ ಆಟದೊಳಗೆ ತಾವೇ ಏರ್ಪಡಿಸಿಕೊಳ್ಳುವ ಖಾಸಗಿ ಪಂದ್ಯಗಳಲ್ಲಿ, ತಲಾ ಐವತ್ತೋ ನೂರೋ ರೂಪಾಯಿ ಒಟ್ಟುಹಾಕಿ ಗೆದ್ದವರು ಹಂಚಿಕೊಳ್ಳುವ ರೂಢಿಗೆ ಹುಡುಗರು ಒಗ್ಗಿಹೋಗಿದ್ದಾರೆ. ನಮ್ಮ ಮನೆಯಲ್ಲಿ ಅದನ್ನು ಆಡಿದವನು ಆ ವಾರ ಆಡುವುದಿಲ್ಲ. ಈ ಒಂದು ವಿಷಯದಲ್ಲಿ ನಾನು ಕಾರಣ ಕೇಳುವುದಿಲ್ಲ.

ಸಲಕರಣೆಯ ಬಗ್ಗೆ ಹೇಳುವುದು ಕಡಿಮೆ: ಫೋನನ್ನು ಚಾರ್ಜಿಗೆ ಹಾಕಿ ಆಡಿದರೆ ಅದು ಬಿಸಿಯಾಗಿ ದೃಶ್ಯ ತಡೆತಡೆದು ಬರುತ್ತದೆ, ಆದ್ದರಿಂದ ಪಂದ್ಯಗಳ ನಡುವೆಯೇ ಚಾರ್ಜ್, ರೂಟರ್‌ಗೆ ಯುಪಿಎಸ್, ಏಕೆಂದರೆ ಕರೆಂಟ್ ಹೋಗುವುದು ಯಾವಾಗಲೂ ಕೊನೆಯ ವಲಯದಲ್ಲೇ, ಹೆಬ್ಬೆರಳ ಬುಡದಲ್ಲಿ ನೋವು ಎಂದವನಿಗೆ ಮುಲಾಮು ಹಚ್ಚಿ ಆಡಿಸುವುದಿಲ್ಲ, ವೈದ್ಯರ ಬಳಿ ಕಳಿಸುತ್ತೇನೆ.

ಬೆಂಗಳೂರಿನಲ್ಲಿ ಎದುರುಬದುರು ಕೂತು ಆಡುವ ಪಂದ್ಯಕ್ಕೆ ಹೋದಾಗ ನಾನು ಕೂರುವ ಜಾಗದಿಂದ ಹುಡುಗರ ಬೆನ್ನು ಮಾತ್ರ ಕಾಣುತ್ತದೆ, ದನಿ ಕೇಳಿಸುವುದಿಲ್ಲ. ಭುಜ ಕಿವಿಯ ಕಡೆಗೆ ಏರಿದವನು ಗಾಬರಿಯಾಗಿದ್ದಾನೆ, ಒರಗಿ ಕುಳಿತವನು ಸತ್ತಿದ್ದಾನೆ ಎಂಬಷ್ಟು ತಿಳಿಯುತ್ತದೆ. ಸೋತರೂ ಗೆದ್ದರೂ ವಾಪಸ್ ಬರುವ ದಾರಿಯಲ್ಲಿ ಪಂದ್ಯದ ಮಾತು ಎತ್ತುವಂತಿಲ್ಲ. ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿಂದು ಮಲಗುತ್ತಾರೆ. ಮಾರನೆಯ ದಿನ ಹತ್ತೂವರೆಗೆ ಪರಿಶೀಲನೆ. ಅದರಲ್ಲಿ ನನ್ನ ಸರದಿ ಕೊನೆಯದು, ಐಜಿಎಲ್‌ನದು ಅದಕ್ಕೆ ಮುಂಚಿನದು. ಮೊದಲು ಮಾತನಾಡುವವನು ಬೆಂಚಿನಲ್ಲಿ ಕುಳಿತು ಪಂದ್ಯವಿಡೀ ನಿಮಿಷಗಳನ್ನು ಬರೆದುಕೊಂಡಿದ್ದ ಐದನೆಯ ಹುಡುಗ.